ಇಲ್ಲದ ಗೆರೆ

ಬಬಲೇಶ್ವರದ ಹೈಸ್ಕೂಲೊಂದರಲ್ಲಿ ಶನಿ ಗ್ರಹದ ಬಗ್ಗೆ ಮಾತಾಡಲು ಒಪ್ಪಿಕೊಂಡಾಗ ನನ್ನ ಬಳಿ ಎರಡು ಹೆಮ್ಮೆಗಳಿದ್ದವು. ಒಂದು, ಭಾಸ್ಕರಾಚಾರ್ಯರು ನಮ್ಮ ವಿಜಯಪುರದವರು ಎಂಬುದು. ಇನ್ನೊಂದು, ನಾನೇ ತೆಗೆದ ಶನಿಯ ಚಿತ್ರ. ಅದರ ಉಂಗುರದ ಹೊರ ಅಂಚಿನ ಬಳಿ ಕೂದಲೆಳೆಯಂಥ ಕಪ್ಪು ಗೆರೆಯಿತ್ತು. ಅದು ಎಂಕೆ ಸಂದು ಎಂದು ನಂಬಿದ್ದೆ. ಹಿಂದಿನ ರಾತ್ರಿ ಎರಡನ್ನೂ ಕೈಬಿಡಬೇಕಾಯಿತು.

ನನ್ನ ಮೊದಲ ಕ್ಯಾಮೆರಾ ಆಯ್ಕೆಯೇ ತಪ್ಪಾಗಿತ್ತು. ಸೆನ್ಸರ್ ದೊಡ್ಡದಿದ್ದಷ್ಟೂ ಒಳ್ಳೆಯದೆಂದು ಉಳಿತಾಯವೆಲ್ಲ ಸುರಿದು ಕೊಂಡೆ. ಗುರು ಗ್ರಹ ಅತಿ ಸಮೀಪ ಬಂದಾಗಲೂ ಹುಣ್ಣಿಮೆ ಚಂದ್ರನ ಅಗಲದ ಮೂವತ್ತಾರರಲ್ಲಿ ಒಂದು ಪಾಲು ಮಾತ್ರ. ಅಷ್ಟು ಚಿಕ್ಕ ಬಿಂಬಕ್ಕೆ ಬೇಕಾದದ್ದು ಸಣ್ಣ ಸೆನ್ಸರ್, ಆದರೆ ಸೆಕೆಂಡಿಗೆ ನೂರರಷ್ಟು ಫ್ರೇಮು ಹಿಡಿಯುವ ವೇಗ.

ಈ ವೇಗದ ಹಿಂದೆ ಒಂದು ಚರಿತ್ರೆಯಿದೆ. ಫಿಲ್ಮ್ ಕಾಲದಲ್ಲಿ ಒಂದೊಂದು ಚಿತ್ರಕ್ಕೂ ಸೆಕೆಂಡುಗಟ್ಟಲೆ ಬೆಳಕು ಬೇಕಿತ್ತು. ಅಷ್ಟರಲ್ಲಿ ಗಾಳಿ ಬಿಂಬವನ್ನು ಕಲಕಿಬಿಡುತ್ತಿತ್ತು. ಕಲಕುವ ಗಾಳಿಯ ನಡುವೆಯೂ ಆಗೊಮ್ಮೆ ಈಗೊಮ್ಮೆ ತಿಳಿಯಾದ ಕ್ಷಣ ಸಿಗುವ ಸಂಭವವನ್ನು ಡೇವಿಡ್ ಫ್ರೀಡ್ 1978ರಲ್ಲಿ ಲೆಕ್ಕ ಹಾಕಿ ತೋರಿಸಿದರು. ಮುಂದೆ ಹವ್ಯಾಸಿಗಳು ಫಿಲಿಪ್ಸ್ ಟೂಕ್ಯಾಮ್‌ನಂಥ ಅಗ್ಗದ ವೆಬ್‌ಕ್ಯಾಮುಗಳನ್ನು ಟೆಲಿಸ್ಕೋಪಿಗೆ ಸಿಕ್ಕಿಸಿ ಆ ಕ್ಷಣಗಳನ್ನು ಹೆಕ್ಕತೊಡಗಿದರು. ಕಾರ್ ಬೆರೆವೂಟ್ಸ್ ಬರೆದ ರೆಜಿಸ್ಟ್ಯಾಕ್ಸ್ ತಂತ್ರಾಂಶ ಆ ಹೆಕ್ಕುವ ಕೆಲಸವನ್ನು ಮನೆಯ ಕಂಪ್ಯೂಟರಿಗೆ ತಂದಿತು.

ವಿಜಯಪುರದ ಮನೆಯ ಮಾಳಿಗೆಯ ಮೇಲೆ ನನಗೆ ಆ ಕ್ಷಣಗಳು ಸಿಗಲೇ ಇಲ್ಲ. ಹಗಲೆಲ್ಲ ಕಾದ ಸ್ಲ್ಯಾಬು ರಾತ್ರಿ ಬಿಸಿ ಉಗುಳುತ್ತದೆ. ತಿಕೋಟಾ ಬಳಿ ಪರಿಚಯದ ರೈತರೊಬ್ಬರ ದ್ರಾಕ್ಷಿ ತೋಟಕ್ಕೆ ಹೋದೆ. ಸಣ್ಣ ಸೆನ್ಸರಿನ ಎರಡನೇ ಕ್ಯಾಮೆರಾ ಹೂಡಿದ್ದನ್ನು ನೋಡಿ ಅವರೆಂದರು: "ಒಣದ್ರಾಕ್ಷಿ ಆರಿಸಿದಂಗ ಆತಲ್ರೀ ಸರ, ಛಲೋವಷ್ಟೇ ಇಟ್ಕೊಂಡು ಉಳಿದದ್ದು ಒಗ್ಯೂದು."

ಅದಕ್ಕಿಂತ ಚೆನ್ನಾಗಿ ನಾನು ವಿವರಿಸಲಾರೆ. ಫೈರ್‌ಕ್ಯಾಪ್ಚರ್‌ನಲ್ಲಿ ಮೂರು ನಿಮಿಷದ ವಿಡಿಯೊ, ಸುಮಾರು 9,000 ಫ್ರೇಮು. ಆಟೊಸ್ಟ್ಯಾಕರ್ಟ್ ಅದರಲ್ಲಿ ಒಳ್ಳೆಯ 2,000 ಆರಿಸಿ ಒಂದರ ಮೇಲೊಂದು ಪೇರಿಸಿತು. ಕೊನೆಗೆ ರೆಜಿಸ್ಟ್ಯಾಕ್ಸಿನ ಸ್ಲೈಡರುಗಳಿಂದ ಅಂಚುಗಳನ್ನು ಚೂಪು ಮಾಡಿದೆ. ಗೆರೆ ಮೂಡಿದ್ದು ಆಗ.

ಭಾಷಣದ ಹಿಂದಿನ ರಾತ್ರಿ ಸುಮ್ಮನೆ ಲೆಕ್ಕ ಹಾಕಿದೆ. ಎಂಕೆ ಸಂದಿನ ಅಗಲ ಸುಮಾರು 325 ಕಿ.ಮೀ. ಶನಿಯ ದೂರದಿಂದ ಅದು ನನ್ನ ಎಂಟು ಇಂಚಿನ ಟೆಲಿಸ್ಕೋಪ್ ಬಿಡಿಸಿ ತೋರಬಲ್ಲ ಅಂತರದ ಹತ್ತರಲ್ಲೊಂದು ಪಾಲು. ಸ್ಲೈಡರನ್ನು ಹಿಂದಕ್ಕೆಳೆದೆ. ಗೆರೆಯೂ ಸರಿಯಿತು. ಉಂಗುರದಲ್ಲೇ ಇದ್ದಿದ್ದರೆ ಅದು ಜಾಗ ಬಿಡುತ್ತಿರಲಿಲ್ಲ.

ಇಲ್ಲದ ಗೆರೆಯನ್ನು ಕಂಡವನು ನಾನೊಬ್ಬನೇ ಅಲ್ಲ. 1877ರಲ್ಲಿ ಸ್ಕಿಯಾಪರೆಲ್ಲಿ ಮಂಗಳನ ಮೇಲೆ ಗೆರೆಗಳನ್ನು ಗುರುತಿಸಿದರು. ಪರ್ಸಿವಲ್ ಲೊವೆಲ್ ಅವನ್ನು ಬುದ್ಧಿಜೀವಿಗಳು ತೋಡಿದ ಕಾಲುವೆಗಳೆಂದು ವರ್ಷಗಟ್ಟಲೆ ವಾದಿಸಿದರು. 1909ರಲ್ಲಿ ಆಂಟೊನಿಯಾಡಿ ಮ್ಯೂಡೊನ್‌ನ ದೊಡ್ಡ ದೂರದರ್ಶಕದಿಂದ ನೋಡಿದಾಗ ಕಾಲುವೆಗಳ ಜಾಗದಲ್ಲಿದ್ದದ್ದು ಚೆದುರಿದ ಕಲೆಗಳು. ಲೊವೆಲ್ ಬಳಿ ತಂತ್ರಾಂಶವಿರಲಿಲ್ಲ. ಅಂಚು ಚೂಪು ಮಾಡಿದ್ದು ಅವರ ಆಸೆ.

ಹಾಗಾದರೆ ನನ್ನ ಇನ್ನೊಂದು ಹೆಮ್ಮೆ? ಭಾಸ್ಕರಾಚಾರ್ಯರು ಹುಟ್ಟಿದ್ದು ಶಕ 1036, ಅಂದರೆ ಕ್ರಿ.ಶ. 1114ರಲ್ಲಿ. ತಮ್ಮ ಊರು ಸಹ್ಯಾದ್ರಿಯನ್ನು ಆಶ್ರಯಿಸಿದ ವಿಜ್ಜಡವಿಡ ಎಂದು ಅವರೇ ಹೇಳಿಕೊಂಡಿದ್ದಾರೆ. ಹೆಸರು ಬಿಜಾಪುರದಂತೆ ಕೇಳುತ್ತದೆ, ನಿಜ. ಆದರೆ ನಮ್ಮೂರಿಂದ ಸಹ್ಯಾದ್ರಿ ಎಷ್ಟು ದೂರ! ಅವರ ಕೃತಿಗಳ ಅಧ್ಯಯನಕ್ಕೆ ಮೊಮ್ಮಗ ಚಂಗದೇವ ಮಠ ಸ್ಥಾಪಿಸಿದ ಶಾಸನ ಸಿಕ್ಕಿದ್ದು ಮಹಾರಾಷ್ಟ್ರದ ಚಾಳೀಸಗಾಂವ್ ಬಳಿಯ ಪಾಟಣದಲ್ಲಿ. ವಿದ್ವಾಂಸರ ವಾದ ಮುಗಿದಿಲ್ಲ. ನಾನು ಮಾತ್ರ ನನಗೆ ಬೇಕಾದ ಸ್ಲೈಡರನ್ನೇ ಎಳೆದಿದ್ದೆ.

ಮರುದಿನ ಶಾಲೆಯಲ್ಲಿ ಚೂಪು ಮಾಡಿದ್ದು, ಮಾಡದ್ದು ಎರಡೂ ಚಿತ್ರ ತೋರಿಸಿದೆ. ಭಾಸ್ಕರಾಚಾರ್ಯರ ಊರಿನ ಬಗ್ಗೆ ಎರಡೂ ಕಡೆಯ ವಾದ ಹೇಳಿದೆ. ಮಾಸ್ತರರೊಬ್ಬರ ಮುಖ ಸಪ್ಪಗಾಯಿತು. ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ಕೇಳಿದಳು: "ಸರ್, ಆ ಸ್ಲೈಡರ್ ನಾವೂ ಎಳದ ನೋಡೂಣೇನ್ರೀ?"

ಲ್ಯಾಪ್‌ಟಾಪನ್ನು ಅವಳ ಕಡೆ ತಿರುಗಿಸಿದೆ.