6 ವರ್ಷದ ಅಧ್ಯಕ್ಷ, 71 ವರ್ಷದ ಪಕ್ಷ

1910ರಲ್ಲಿ ಮೆಕ್ಸಿಕೋದ ಮದೆರೊ ಎರಡು ಬೇಡಿಕೆಗಳನ್ನಿಟ್ಟ: ಮತಕ್ಕೆ ಬೆಲೆ ಇರಲಿ, ಮರುಆಯ್ಕೆ ಬೇಡ. ದಶಕಗಳಿಂದ ಅಧಿಕಾರ ಹಿಡಿದಿದ್ದ ಪೊರ್ಫಿರಿಯೊ ದಿಯಾಸ್ ಮರುವರ್ಷವೇ ದೇಶ ಬಿಟ್ಟ. ಆದರೆ ಸಂವಿಧಾನ ತಿದ್ದಿಸಿಕೊಂಡು 1928ರಲ್ಲಿ ಮತ್ತೆ ಗೆದ್ದ ಒಬ್ರೆಗಾನ್, ಪ್ರಮಾಣವಚನಕ್ಕೆ ಮುನ್ನವೇ ಗುಂಡಿಗೆ ಬಲಿಯಾದ. 1929ರಲ್ಲಿ ಮಾಜಿ ಅಧ್ಯಕ್ಷ ಕಾಯೆಸ್, ಮುಂದೆ ಪಿಆರ್‌ಐ ಎಂದು ಹೆಸರಾದ ಪಕ್ಷವನ್ನು ಕಟ್ಟಿದ. 1933ರಲ್ಲಿ ಅಧ್ಯಕ್ಷರ ಮರುಆಯ್ಕೆಗೆ ಪೂರ್ಣ ನಿಷೇಧ ಬಂತು. ಇನ್ನು ಅಧ್ಯಕ್ಷನಿಗೆ 6 ವರ್ಷ, ಒಂದೇ ಸಲ. ಮುಂದಿನವನನ್ನು ಹೋಗುವವನೇ ಬೆರಳು ತೋರಿಸಿ ಆರಿಸುವ ರೂಢಿ ಬೆಳೆಯಿತು. ತಮಗೂ ಸರದಿ ಬಂದೀತೆಂದು ಕಾದ ನಾಯಕರಲ್ಲಿ ಬಹುತೇಕರು ಪಕ್ಷದೊಳಗೇ ಉಳಿದರು. ಹೀಗೆ ವ್ಯಕ್ತಿಗೆ ಹಾಕಿದ ಮಿತಿಯೇ ಪಕ್ಷಕ್ಕೆ ಆಯಸ್ಸಾಯಿತು. ಮದೆರೊನ ಎರಡನೆಯ ಬೇಡಿಕೆ ನಿಯಮವಾಗಿ ನಿಂತಿತು. ಮೊದಲನೆಯದಕ್ಕೆ ಜನ 2000ದ ಚುನಾವಣೆಯವರೆಗೆ ಕಾಯಬೇಕಾಯಿತು.