ಬೆರ್ರಿಯೆಸಾದ ಬಚ್ಚಲು ನೀರು ಮತ್ತು ಕೊಲ್ಲಿಯ ತಾಳ್ಮೆ

ಬೆರ್ರಿಯೆಸಾದ ನಮ್ಮ ಮನೆಗಳ ಬಚ್ಚಲು ನೀರು ಎಲ್ಲಿಗೆ ಹೋಗುತ್ತದೆ? ನೆಲದಡಿಯ ಕೊಳವೆಗಳಲ್ಲಿ ಹರಿದು ಆಲ್ವಿಸೊ ಬಳಿಯ ಶುದ್ಧೀಕರಣ ಸ್ಥಾವರಕ್ಕೆ; ಅಲ್ಲಿಂದ ಕಯೋಟಿ ಹೊಳೆಯ ಕೊನೆಯ ಭಾಗದ ಮೂಲಕ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ದಕ್ಷಿಣ ತುದಿಗೆ. ಈ ತುದಿ ಆಳವಿಲ್ಲದ್ದು, ಸಾಗರದ ಬಾಯಿಯಿಂದ ದೂರವಿರುವಂಥದು. ಇಲ್ಲಿಗೆ ಬಂದದ್ದು ಬೇಗ ಹೊರಗೆ ಹೋಗುವುದಿಲ್ಲ. ಆದ್ದರಿಂದ ಈ ಕೊಲ್ಲಿಯ ಇತಿಹಾಸದಲ್ಲಿ ನಮ್ಮ ಮನೆಗಳಿಗೂ ಒಂದು ಪಾಲಿದೆ.

1956ಕ್ಕೆ ಮುಂಚೆ ಸಾನ್ ಹೋಸೆಯ ಕೊಳಚೆ ಶುದ್ಧೀಕರಣವಿಲ್ಲದೆ ಕೊಲ್ಲಿಯನ್ನು ಸೇರುತ್ತಿತ್ತು. ಆಗ ಈ ಕಣಿವೆ ಏಪ್ರಿಕಾಟ್, ಪ್ರೂನ್ ತೋಟಗಳ ನಾಡು. ಹಣ್ಣನ್ನು ಡಬ್ಬಿಗೆ ತುಂಬುವ ಕಾರ್ಖಾನೆಗಳಿಂದ ಬೇಸಿಗೆಯಲ್ಲಿ ಸಿಪ್ಪೆ, ರಸ, ತೊಳೆದ ನೀರು ಹೇರಳವಾಗಿ ಬರುತ್ತಿತ್ತು. ಅವುಗಳ ಸಕ್ಕರೆಯನ್ನು ಜೀರ್ಣಿಸುವ ಬ್ಯಾಕ್ಟೀರಿಯಗಳು ನೀರಿನಲ್ಲಿ ಕರಗಿದ ಆಮ್ಲಜನಕವನ್ನೆಲ್ಲ ಬಳಸಿಬಿಡುತ್ತವೆ. ಮೀನುಗಳಿಗೆ ಉಸಿರು ಕಟ್ಟುತ್ತದೆ. 1956ರಲ್ಲಿ ಕೆಸರನ್ನು ತಂಗಿಸುವ ಮೊದಲ ಹಂತ ಬಂದಿತು. 1964ರಲ್ಲಿ ಸೂಕ್ಷ್ಮಜೀವಿಗಳಿಂದ ಕೊಳೆಯನ್ನು ಜೀರ್ಣಿಸುವ ಎರಡನೆಯ ಹಂತ ಸೇರಿತು. 1972ರ ಶುದ್ಧ ನೀರಿನ ಕಾಯಿದೆಯ ತರುವಾಯ, 1979ರಲ್ಲಿ, ಮೂರನೆಯ ಹಂತ: ನೀರನ್ನು ಸೋಸುವುದು, ಅಮೋನಿಯವನ್ನು ನೈಟ್ರೇಟ್ ಆಗಿ ಮಾರ್ಪಡಿಸುವುದು.

ಒಂದು ಗ್ರಾಂ ಅಮೋನಿಯ ಸಾರಜನಕ ನೈಟ್ರೇಟ್ ಆಗಲು ಸುಮಾರು 4.6 ಗ್ರಾಂ ಆಮ್ಲಜನಕ ಬೇಕು. ಇದನ್ನು ಸ್ಥಾವರದ ತೊಟ್ಟಿಯಲ್ಲಿ ಒದಗಿಸದಿದ್ದರೆ ಹೊಳೆಯೇ ತೆರಬೇಕಾಗುತ್ತದೆ. ಅದೇ 1979ರ ಸೆಪ್ಟೆಂಬರಿನಲ್ಲಿ ಸ್ಥಾವರದ ಕೆಲಸ ಕೆಟ್ಟು, ಮೂರು ವಾರಗಳಲ್ಲಿ ಸುಮಾರು 1.5 ಕೋಟಿ ಘನ ಮೀಟರ್ ಅರೆಶುದ್ಧ ಕೊಳಚೆ ಹೊರಬಿತ್ತು. ಹೊಳೆಯ ನೀರಿನಲ್ಲಿ ಆಮ್ಲಜನಕ ಬರಿದಾಯಿತು. ಸ್ಥಾವರ ಸರಿಹೋದೊಡನೆ ಹೊಳೆಯೂ ಬೇಗನೆ ಚೇತರಿಸಿಕೊಂಡಿತು.

ಆದರೆ ನೈಟ್ರೇಟ್ ಆದ ಮಾತ್ರಕ್ಕೆ ಸಾರಜನಕ ಮಾಯವಾಗುವುದಿಲ್ಲ. ಗದ್ದೆಗೆ ಗೊಬ್ಬರವಾಗುವುದೇ ನೀರಿನಲ್ಲಿ ಪಾಚಿಗೂ ಗೊಬ್ಬರ. ಇಷ್ಟು ಗೊಬ್ಬರವಿದ್ದೂ ಕೊಲ್ಲಿ ದಶಕಗಳ ಕಾಲ ಹಸುರಾಗಲಿಲ್ಲ, ಏಕೆ? ಒಂದು ಕಾರಣ ಕೆಸರು. 1850ರ ದಶಕದಿಂದ ಚಿನ್ನಕ್ಕಾಗಿ ನೀರಿನ ಧಾರೆ ಹಾಯಿಸಿ ಸಿಯೆರಾ ಬೆಟ್ಟಗಳನ್ನು ಕರಗಿಸಿದ ಮಣ್ಣು ನದಿಗಳಲ್ಲಿ ಇಳಿದು ಬಂದಿತ್ತು. 1884ರಲ್ಲಿ ನ್ಯಾಯಾಲಯ ಅದಕ್ಕೆ ತಡೆ ಹಾಕಿದರೂ ಬಂದ ಮಣ್ಣು ಉಳಿಯಿತು. ಕದಡಿದ ನೀರಿನಲ್ಲಿ ಬೆಳಕು ಇಳಿಯದೆ ಪಾಚಿ ಬೆಳೆಯದು. ಇನ್ನೊಂದು ಕಾರಣ ತಳದ ಚಿಪ್ಪುಜೀವಿಗಳು; ಅವು ಪಾಚಿಯನ್ನು ಸೋಸಿ ತಿನ್ನುತ್ತಿದ್ದುವು. 1999ರ ಸುಮಾರಿಗೆ ಎರಡೂ ಬದಲಾದುವು. ತೇಲುವ ಕೆಸರು ಕಡಿಮೆಯಾಯಿತು; ಸಾಗರದಿಂದ ಹೆಚ್ಚಾಗಿ ಬಂದ ಏಡಿಗಳೂ ಚಪ್ಪಟೆ ಮೀನುಗಳೂ ಚಿಪ್ಪುಜೀವಿಗಳನ್ನು ತಿಂದುವು. ಕೊಲ್ಲಿಯ ತಾಳ್ಮೆ ಕುಗ್ಗುತ್ತ ಬಂದಿತ್ತೆಂದು ಇಂದು ತಿಳಿಯುತ್ತದೆ.

1990ರ ದಶಕದ ಕೊನೆಯ ವೇಳೆಗೆ ನಮ್ಮ ಸ್ಥಾವರವು ನೈಟ್ರೇಟಿನ ಒಂದು ಪಾಲನ್ನು ಸಾರಜನಕ ಅನಿಲವಾಗಿ ಗಾಳಿಗೆ ಬಿಡತೊಡಗಿತ್ತು. ಆದರೆ ಕೊಲ್ಲಿಯ ಸುತ್ತ ಇರುವ ಸ್ಥಾವರಗಳು 37. ಅವುಗಳಲ್ಲಿ ಅನೇಕವು ಆ ಹೆಜ್ಜೆ ಇಟ್ಟಿರಲಿಲ್ಲ. 2022ರ ಬೇಸಿಗೆಯಲ್ಲಿ ಅಲಮೀಡಾ ಬಳಿ ಶುರುವಾದ ಹೆಟೆರೊಸಿಗ್ಮ ಅಕಾಶಿವೊ ಎಂಬ ಪಾಚಿ ಕೊಲ್ಲಿಯ ಬಹುಭಾಗವನ್ನು ಕಂದು ಕೆಂಪಾಗಿಸಿತು. ಪಾಚಿ ಸತ್ತು ಕೊಳೆತಾಗ ಆಮ್ಲಜನಕ ಕುಸಿಯಿತು. ನೂರಾರು ಸ್ಟರ್ಜನ್ ಮೀನುಗಳು ಸತ್ತು ದಡ ಸೇರಿದುವು. ಡಬ್ಬಿ ಕಾರ್ಖಾನೆಗಳ ಕಾಲದ ಉಸಿರುಗಟ್ಟುವಿಕೆಯೇ ಬೇರೆ ದಾರಿಯಿಂದ ಮರಳಿತು. 2024ರಲ್ಲಿ ಪ್ರಾದೇಶಿಕ ಜಲಮಂಡಲಿಯು, ಒಣ ತಿಂಗಳುಗಳಲ್ಲಿ ಸ್ಥಾವರಗಳಿಂದ ಬರುವ ಸಾರಜನಕವನ್ನು 2034ರೊಳಗೆ ಒಟ್ಟಾರೆ ಶೇ. 40ರಷ್ಟು ಇಳಿಸಬೇಕೆಂದು ಆಜ್ಞೆ ಮಾಡಿದೆ.

ಬೆಂಗಳೂರಿನ ಬೆಳ್ಳಂದೂರು ಕೆರೆಯ ನೊರೆ ರಸ್ತೆಗೆ ಹಾರಿದಾಗ ಊರಿಗೆಲ್ಲ ಕಂಡಿತು. ಇಲ್ಲಿ ಹಾಗಲ್ಲ, ನೈಟ್ರೇಟ್ ಕಣ್ಣಿಗೆ ಕಾಣದು, ಮೂಗಿಗೆ ತಿಳಿಯದು. ಕಾಣದ ಕೆಲಸಕ್ಕೆ ಹಣ ಕೊಡಲು ಜನ ಹಿಂಜರಿಯುವುದು ಸಹಜ. ಸಾನ್ ಹೋಸೆಯಲ್ಲಿ ಕೊಳಚೆಯ ಶುಲ್ಕ ಮನೆಯ ತೆರಿಗೆಯ ಪಟ್ಟಿಯಲ್ಲೇ ಬರುತ್ತದೆ. ಅದು ಏರಿದಾಗ ನಾವು ಲೆಕ್ಕ ಕೇಳೋಣ, ಕೇಳಲೇಬೇಕು. ಆದರೆ ಈ ಚರಿತ್ರೆಯನ್ನು ತಿಳಿದು ಕೇಳೋಣ. ಹುಲ್ಲುಹಾಸಿಗೆ ಹೆಚ್ಚಾಗಿ ಹಾಕಿದ ಗೊಬ್ಬರ ರಸ್ತೆ ಬದಿಯ ಮಳೆನೀರಿನ ಮೋರಿಗೆ ಹರಿಯದಂತೆಯೂ ನೋಡಿಕೊಳ್ಳೋಣ. ಆ ಮೋರಿಯ ನೀರು ಸ್ಥಾವರಕ್ಕೆ ಹೋಗುವುದಿಲ್ಲ; ಬೆರ್ರಿಯೆಸಾ, ಪೆನಿಟೆನ್ಸಿಯಾ ಹೊಳೆಗಳನ್ನು ಸೇರಿ ಹಾಗೆಯೇ ಕೊಲ್ಲಿಗೆ ಇಳಿಯುತ್ತದೆ.