ಕೈ ಜೇಬಿನಲ್ಲಿಟ್ಟು ಒಲಿಂಪಿಕ್ ಪದಕ ಗೆಲ್ಲಬಹುದೇ? ಪಿಸ್ತೂಲು ಶೂಟಿಂಗ್ ಫಾರ್ವರ್ಡ್‌ಗಳ ಸತ್ಯಾಸತ್ಯತೆ

ಒಂದು ಫೋಟೋ ನಿಮಗೂ ಬಂದಿರುತ್ತದೆ. ನರೆಗೂದಲಿನ ವ್ಯಕ್ತಿ, ಮಾಮೂಲಿ ಕನ್ನಡಕ, ಟೀ ಶರ್ಟ್, ಎಡಗೈ ಪ್ಯಾಂಟಿನ ಜೇಬಿನಲ್ಲಿ, ಬಲಗೈಯಲ್ಲಿ ಪಿಸ್ತೂಲು. ಕೆಳಗೆ, ‘ಯಾವ ಸಲಕರಣೆಯೂ ಇಲ್ಲ, ತರಬೇತಿಯೂ ಇಲ್ಲ, ಬಂದ, ಹೊಡೆದ, ಬೆಳ್ಳಿ ಗೆದ್ದ’ ಎಂಬ ಬರಹ. ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಇದರ ಹಿಂದೆಯೇ ಇನ್ನೊಂದು ಮೆಸೇಜ್ ಬರುತ್ತದೆ: ‘ಮಕ್ಕಳಿಗೆ ಒಂದು ಏರ್‌ಗನ್ ಕೊಡಿಸಿ, ಹೊಲದಲ್ಲಿ ಹಕ್ಕಿ ಹೊಡೆದು ಕಲಿಯಲಿ.’ ಮೊದಲನೆಯದು ಅರ್ಧ ಸತ್ಯ. ಎರಡನೆಯದು ಮಕ್ಕಳನ್ನು ಪೊಲೀಸ್ ಠಾಣೆಗೋ ಕಣ್ಣಿನ ಆಸ್ಪತ್ರೆಗೋ ಮುಟ್ಟಿಸುವಂಥದ್ದು.

ಫೋಟೋದಲ್ಲಿರುವುದು ಯಾರು?

ಟರ್ಕಿಯ ಯೂಸುಫ್ ದಿಕೆಚ್. 2024ರ ಜುಲೈ 30ರಂದು ಪ್ಯಾರಿಸ್ ಒಲಿಂಪಿಕ್ಸ್‌ನ 10 ಮೀಟರ್ ಏರ್ ಪಿಸ್ತೂಲು ಮಿಶ್ರ ತಂಡ ಸ್ಪರ್ಧೆಯಲ್ಲಿ ಶೆವ್ವಾಲ್ ತರ್ಹಾನ್ ಜೊತೆ ಬೆಳ್ಳಿ ಗೆದ್ದವರು. ಅದೇ ಸ್ಪರ್ಧೆಯಲ್ಲಿ ಭಾರತದ ಮನು ಭಾಕರ್ ಮತ್ತು ಸರಬ್ಜೋತ್ ಸಿಂಗ್ ಕಂಚು ಗೆದ್ದರು ಎನ್ನುವುದು ಫಾರ್ವರ್ಡ್ ಮಾಡುವವರಿಗೆ ನೆನಪೇ ಇರುವುದಿಲ್ಲ! ದಿಕೆಚ್ ಟರ್ಕಿಯ ಜೆಂಡರ್ಮರಿ ಎಂಬ ಸಶಸ್ತ್ರ ಪಡೆಯಲ್ಲಿದ್ದವರು. 2008ರಿಂದ ಒಲಿಂಪಿಕ್ಸ್‌ಗೆ ಹೋಗುತ್ತಿದ್ದಾರೆ, ಪ್ಯಾರಿಸ್ ಅವರ ಐದನೆಯದು. ‘ತರಬೇತಿ ಇಲ್ಲ’ ಎನ್ನುವುದು ಶುದ್ಧ ಸುಳ್ಳು.

ಸಲಕರಣೆಯ ಮಾತೂ ಹಾಗೆಯೇ. ಅವರ ಕೈಯಲ್ಲಿದ್ದದ್ದು ಸ್ಪರ್ಧೆಗೆಂದೇ ತಯಾರಾದ ಪಿಸ್ತೂಲು. ಕಿವಿಯಲ್ಲಿ ಇಯರ್‌ಪ್ಲಗ್ ಇತ್ತು. ಅವರು ಎರಡೂ ಕಣ್ಣು ತೆರೆದು ಗುರಿ ಹಿಡಿಯುವುದರಿಂದ ಕಣ್ಣಿಗೆ ಮರೆ ಬೇಕಿರಲಿಲ್ಲ, ಅಷ್ಟೆ. ಇನ್ನು ಕೈ ಜೇಬಿನಲ್ಲಿಡುವುದು ಸ್ಟೈಲ್ ಅಲ್ಲ. ಈ ಆಟದಲ್ಲಿ ಪಿಸ್ತೂಲನ್ನು ಒಂದೇ ಕೈಯಲ್ಲಿ ಹಿಡಿಯಬೇಕು. ಖಾಲಿ ಕೈ ತೂಗಾಡಿದರೆ ಭುಜ ಅಲುಗುತ್ತದೆ, ಭುಜ ಅಲುಗಿದರೆ ಪಿಸ್ತೂಲೂ ಅಲುಗುತ್ತದೆ. ಅದಕ್ಕೇ ಬಹುತೇಕ ಎಲ್ಲರೂ ಆ ಕೈಯನ್ನು ಜೇಬಿಗೋ ಬೆಲ್ಟಿಗೋ ಸಿಕ್ಕಿಸುತ್ತಾರೆ.

‘ಗುರಿ ಅಂದ್ರ ಕೈ ಅಲುಗಬಾರ್ದು’: ನಿಜವೇ?

ಜಾತ್ರೆಯಲ್ಲಿ ಬಲೂನ್ ಹೊಡೆದವರೆಲ್ಲ ಹೇಳುವ ಮಾತಿದು. ಆದರೆ ಲೆಕ್ಕ ಹಾಕಿ ನೋಡಿದರೆ ಬೇರೆಯೇ ಉತ್ತರ ಸಿಗುತ್ತದೆ. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ.

10 ಮೀಟರ್ ಏರ್ ಪಿಸ್ತೂಲು ಗುರಿಹಲಗೆಯಲ್ಲಿ 10 ಅಂಕದ ವೃತ್ತದ ಅಡ್ಡಳತೆ 11.5 ಮಿ.ಮೀ., ಗುಂಡಿನದು 4.5 ಮಿ.ಮೀ. ಗುಂಡು ಗೆರೆಗೆ ತಾಗಿದರೂ ಸಾಕು. ಹಾಗಾಗಿ ಗುಂಡಿನ ನಡುಬಿಂದು ಕೇಂದ್ರದಿಂದ 8 ಮಿ.ಮೀ. ಒಳಗಿದ್ದರೆ 10 ಅಂಕ. ಅಲ್ಲಿಂದಾಚೆಗೆ ಪ್ರತಿ 8 ಮಿ.ಮೀ.ಗೆ ಒಂದೊಂದು ಅಂಕ ಕಡಿಮೆ.

ಈಗ ನಿಮ್ಮ ಇಡೀ ತೋಳು ಪಿಸ್ತೂಲಿನ ಸಮೇತ 5 ಮಿ.ಮೀ. ಬದಿಗೆ ಸರಿಯಿತು ಎಂದುಕೊಳ್ಳಿ, ಆದರೆ ಪಿಸ್ತೂಲು ನೆಟ್ಟಗೇ ಇದೆ. ಗುಂಡೂ 5 ಮಿ.ಮೀ. ಮಾತ್ರ ಸರಿಯುತ್ತದೆ. ಅಂಕ 10.

ತೋಳು ಅಲುಗಲಿಲ್ಲ, ಆದರೆ ಮಣಿಕಟ್ಟು ಒಂಚೂರು ತಿರುಗಿ ನಳಿಕೆಯ ತುದಿಯ ಫ್ರಂಟ್ ಸೈಟ್ ಬರೀ 1 ಮಿ.ಮೀ. ಬದಿಗೆ ಹೋಯಿತು ಎಂದುಕೊಳ್ಳಿ. ಮುಂದಿನ ಮತ್ತು ಹಿಂದಿನ ಸೈಟ್‌ಗಳ ನಡುವಿನ ಅಂತರ ಸುಮಾರು 35 ಸೆಂ.ಮೀ. 10 ಮೀಟರ್ ಅದರ ಸುಮಾರು 28 ಪಟ್ಟು. ಅಂದರೆ 1 ಮಿ.ಮೀ. ತಪ್ಪು ಹಲಗೆ ಮುಟ್ಟುವ ಹೊತ್ತಿಗೆ 28 ಮಿ.ಮೀ. ಆಗಿರುತ್ತದೆ. ಅಂಕ 7!

ಕೈ ಎಲ್ಲರದೂ ಅಲುಗುತ್ತದೆ, ಒಲಿಂಪಿಕ್ ಚಾಂಪಿಯನ್‌ನದೂ ಅಲುಗುತ್ತದೆ. ಅಲುಗುವಾಗಲೂ ಎರಡು ಸೈಟ್‌ಗಳು ಒಂದೇ ಸಾಲಿನಲ್ಲಿ ಉಳಿಯುವಂತೆ ಮಣಿಕಟ್ಟನ್ನು ಬಿಗಿಯಾಗಿ ಇಡುವುದೇ ಇದರ ಗುಟ್ಟು. ನಮ್ಮ ದೃಷ್ಟಿಯಲ್ಲಿ ಹೊಸಬರಿಗೆ ಇದಕ್ಕಿಂತ ದೊಡ್ಡ ಪಾಠ ಇನ್ನೊಂದಿಲ್ಲ.

ಹಾಗಾದರೆ ಕಣ್ಣು ಎಲ್ಲಿರಬೇಕು? ಹಲಗೆಯ ಮೇಲಲ್ಲ. ಹತ್ತಿರದ್ದು ಮತ್ತು ದೂರದ್ದು ಎರಡನ್ನೂ ಕಣ್ಣು ಏಕಕಾಲಕ್ಕೆ ಸ್ಪಷ್ಟವಾಗಿ ನೋಡಲಾರದು. ಮೊಬೈಲ್ ಮುಖದ ಮುಂದೆ ಹಿಡಿದು ಅಕ್ಷರ ಓದಿ, ಹಿಂದಿನ ಗೋಡೆಯ ಕ್ಯಾಲೆಂಡರ್ ಮಸುಕಾಗುತ್ತದೆ. ಶೂಟರ್‌ಗಳು ಫ್ರಂಟ್ ಸೈಟ್ ಅನ್ನೇ ಸ್ಪಷ್ಟವಾಗಿ ನೋಡುತ್ತಾರೆ, ಕಪ್ಪು ವೃತ್ತ ಮಸುಕಾಗಿದ್ದರೆ ಚಿಂತೆಯಿಲ್ಲ. ಶೂಟಿಂಗ್ ಕನ್ನಡಕದಲ್ಲಿ ಕಾಣುವ ಸಣ್ಣ ತೂತಿನ ಉಪಕರಣ ಬೆಳಕಿನ ದಾರಿಯನ್ನು ಕಿರಿದು ಮಾಡಿ ಆ ಮಸುಕನ್ನು ಸ್ವಲ್ಪ ತಗ್ಗಿಸುತ್ತದೆ. ಹೊಸಬರು ಅದಕ್ಕಾಗಿ ದುಡ್ಡು ಸುರಿಯಬೇಕಿಲ್ಲ. ಒಂದು ಕಣ್ಣು ಬಿಗಿಯಾಗಿ ಮುಚ್ಚಿದರೆ ಇನ್ನೊಂದಕ್ಕೂ ಆಯಾಸ, ಅದರ ಬದಲು ಕನ್ನಡಕದ ಒಂದು ಗಾಜಿಗೆ ಬಿಳಿ ಕಾಗದದ ಪಟ್ಟಿ ಅಂಟಿಸಿದರೂ ನಡೆಯುತ್ತದೆ.

ಟ್ರಿಗರ್, ಉಸಿರು ಮತ್ತು ನೀರಿನ ಬಾಟಲಿ

ಏರ್ ಪಿಸ್ತೂಲಿನ ಟ್ರಿಗರ್‌ಗೆ ಕನಿಷ್ಠ 500 ಗ್ರಾಂ ಭಾರ ಇರಲೇಬೇಕೆಂಬ ನಿಯಮವಿದೆ. ಅಂದರೆ ಅರ್ಧ ಕಿಲೋ ಸಕ್ಕರೆ ಪೊಟ್ಟಣದ ತೂಕ. ಸ್ಪರ್ಧೆಗೆ ಮುಂಚೆ ಅಧಿಕಾರಿಗಳು ಟ್ರಿಗರ್‌ಗೆ ತೂಕ ನೇತುಹಾಕಿ ನೋಡುತ್ತಾರೆ. ಇಡೀ ಪಿಸ್ತೂಲು 1500 ಗ್ರಾಂ ಮೀರುವಂತಿಲ್ಲ. ಬೆರಳು ನೇರ ಹಿಂದಕ್ಕೆ, ನಿಧಾನವಾಗಿ ಬರಬೇಕು. ‘ಈಗ ಸಿಕ್ತು’ ಎಂದು ಗಬಕ್ಕನೆ ಎಳೆದರೆ ಮಣಿಕಟ್ಟು ತಿರುಗಿ ಮತ್ತೆ ಅದೇ 28 ಪಟ್ಟಿನ ಕತೆ.

ಉಸಿರು ಎಷ್ಟು ಹೊತ್ತು ಕಟ್ಟಿದರೆ ಅಷ್ಟು ಒಳ್ಳೆಯದು ಎನ್ನುವುದೂ ತಪ್ಪು. ಅರ್ಧ ಉಸಿರು ಬಿಟ್ಟು, ಆರೇಳು ಸೆಕೆಂಡಿನಲ್ಲಿ ಗುಂಡು ಹೋಗಬೇಕು. ಹೋಗಲಿಲ್ಲವೇ? ಕೈ ಕೆಳಗಿಳಿಸಿ ಮತ್ತೆ ಶುರು ಮಾಡಿ. 60 ಗುಂಡಿಗೆ 75 ನಿಮಿಷ ಇರುತ್ತದೆ, ಅವಸರವಿಲ್ಲ.

ಅಭ್ಯಾಸದ ಬಹುಪಾಲು ಗುಂಡಿಲ್ಲದೆಯೇ ನಡೆಯುತ್ತದೆ. ಬಿಳಿ ಗೋಡೆಯೆದುರು ಖಾಲಿ ಪಿಸ್ತೂಲು ಹಿಡಿದು ಸೈಟ್ ನೋಡುತ್ತ ಟ್ರಿಗರ್ ಒತ್ತುವುದು, ಅಷ್ಟೆ. ಪಿಸ್ತೂಲೇ ಇಲ್ಲದವರು ಒಂದು ಲೀಟರ್ ನೀರಿನ ಬಾಟಲಿಯನ್ನು ನೀಡಿದ ಕೈಯಲ್ಲಿ ಭುಜದೆತ್ತರಕ್ಕೆ ಹತ್ತು ಸೆಕೆಂಡು ಹಿಡಿದು ಇಳಿಸುತ್ತ ಭುಜ ಗಟ್ಟಿ ಮಾಡಿಕೊಳ್ಳಬಹುದು. ಎನ್‌ಸಿಸಿಯಲ್ಲಿ ಮಲಗಿ ರೈಫಲ್ ಹೊಡೆದ ಅನುಭವ ಇದ್ದವರಿಗೂ ಒಂದು ಮಾತು: ಉಸಿರು, ಟ್ರಿಗರ್ ಪಾಠ ಇಲ್ಲಿಗೂ ಬರುತ್ತದೆ, ನಿಲ್ಲುವುದನ್ನು ಮಾತ್ರ ಮೊದಲಿನಿಂದ ಕಲಿಯಬೇಕು.

ನಮ್ಮ ರಾಜ್ಯದ ಉದಾಹರಣೆ ಬೇಕೆಂದರೆ ಬೆಂಗಳೂರಿನ ಪ್ರಕಾಶ್ ನಂಜಪ್ಪ ಇದ್ದಾರೆ. 2013ರಲ್ಲಿ ದಕ್ಷಿಣ ಕೊರಿಯಾದ ಚಾಂಗ್ವನ್ ವಿಶ್ವಕಪ್‌ನಲ್ಲಿ ಏರ್ ಪಿಸ್ತೂಲು ಕಂಚು ಗೆದ್ದರು. ಅದೇ ವರ್ಷ ಸ್ಪೇನ್‌ನಲ್ಲಿ ಅವರ ಮುಖದ ಒಂದು ಭಾಗಕ್ಕೆ ಪಾರ್ಶ್ವವಾಯು ಬಡಿಯಿತು. ಗುರಿಕಾರನಿಗೆ ಇದೆಂಥ ಪೆಟ್ಟು ಎಂದು ಯೋಚಿಸಿ. ಆದರೂ 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 50 ಮೀಟರ್ ಪಿಸ್ತೂಲು ಬೆಳ್ಳಿ ಗೆದ್ದು, 2016ರಲ್ಲಿ ರಿಯೊ ಒಲಿಂಪಿಕ್ಸ್‌ಗೂ ಹೋದರು.

ಸಿಲಿಂಡರ್‌ಗೆ ಎಲ್ಲಿ ಗಾಳಿ ತುಂಬಿಸುವುದು?

ಇದು ಜೀವದ ಪ್ರಶ್ನೆ. ಸ್ಪರ್ಧೆಯ ಪಿಸ್ತೂಲಿನ ಕೆಳಗಿರುವ ಪುಟ್ಟ ಸಿಲಿಂಡರ್‌ನಲ್ಲಿ ಸುಮಾರು 200 ಬಾರ್ ಒತ್ತಡದ ಗಾಳಿ ಇರುತ್ತದೆ. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಹತ್ತು ಬಾರ್ ಆಸುಪಾಸಿನದು, ಅದರಿಂದ ಆಗದು. ಆಗ ಕೆಲವರಿಗೆ ವೆಲ್ಡಿಂಗ್ ಅಂಗಡಿಯ ಆಕ್ಸಿಜನ್ ನೆನಪಾಗುತ್ತದೆ. ದಯವಿಟ್ಟು ಬೇಡ! ಅಧಿಕ ಒತ್ತಡದ ಆಕ್ಸಿಜನ್‌ಗೆ ಎಣ್ಣೆ, ಗ್ರೀಸ್ ತಾಗಿದರೆ ತಾನೇ ಹೊತ್ತಿಕೊಂಡು ಕೈಯಲ್ಲೇ ಸಿಡಿಯಬಹುದು. ತೇವವಿಲ್ಲದ ಬರೀ ಗಾಳಿಯನ್ನು ಇದಕ್ಕೆಂದೇ ಇರುವ ಕೈಪಂಪಿನಿಂದ ಅಥವಾ ರೇಂಜ್‌ನಲ್ಲಿ ತುಂಬಿಸಿ. ಸಿಲಿಂಡರ್ ಮೇಲೆ ತಯಾರಾದ ದಿನಾಂಕ ಇರುತ್ತದೆ. ಹತ್ತು ವರ್ಷ ದಾಟಿದ್ದನ್ನು ಬಳಸುವಂತಿಲ್ಲ. ಹಳೆಯ ಪಿಸ್ತೂಲು ಅಗ್ಗಕ್ಕೆ ಸಿಕ್ಕಿತೆಂದು ಕೊಳ್ಳುವವರು ಮೊದಲು ಇದನ್ನೇ ನೋಡಿ.

ಗುಂಡುಗಳು ಸೀಸದವು. ಮುಟ್ಟಿದ ಕೈಯಲ್ಲಿ ಮಂಡಕ್ಕಿ ಮಿರ್ಚಿ ತಿನ್ನಬೇಡಿ, ಸೋಪಿನಿಂದ ತೊಳೆದು ತಿನ್ನಿ. ಬಾಯಲ್ಲಿ ಗುಂಡು ಇಟ್ಟುಕೊಳ್ಳುವ ಚಾಳಿ ಇದ್ದರೆ ಇವತ್ತೇ ಬಿಡಿಸಿ.

‘ಕೈ ನಡುಗದ ಮಾತ್ರೆ’

ಪ್ರೊಪ್ರನೊಲಾಲ್ ಎಂಬ ಮಾತ್ರೆ ಎದೆಬಡಿತ ಮತ್ತು ಕೈನಡುಕ ಇಳಿಸುವುದು ನಿಜ. ಆದ್ದರಿಂದಲೇ ಶೂಟಿಂಗ್‌ನಲ್ಲಿ ಅದು ನಿಷಿದ್ಧ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಉತ್ತರ ಕೊರಿಯಾದ ಕಿಮ್ ಜೊಂಗ್ ಸು ಇದೇ ಔಷಧಿಯಿಂದ ಪಿಸ್ತೂಲಿನ ಎರಡೂ ಪದಕ ಕಳೆದುಕೊಂಡರು. ಅಸ್ತಮಾ ಇದ್ದವರಿಗಂತೂ ಇದು ಉಸಿರನ್ನೇ ಹಿಡಿಯಬಹುದು. ಬಿಪಿಗೋ ಹೃದಯಕ್ಕೋ ವೈದ್ಯರು ಬರೆದುಕೊಟ್ಟಿದ್ದರೆ ಮಾತ್ರ ಈ ಲೇಖನ ಓದಿ ನಿಲ್ಲಿಸಬೇಡಿ, ಅವರನ್ನೇ ಕೇಳಿ.

ಏರ್‌ಗನ್‌ಗೆ ಲೈಸೆನ್ಸ್ ಬೇಕೇ?

2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ 4.5 ಮಿ.ಮೀ. ಗಾತ್ರ ಮತ್ತು 20 ಜೂಲ್ ಶಕ್ತಿ ಮೀರದ ಏರ್‌ಗನ್‌ಗೆ ಲೈಸೆನ್ಸ್ ಬೇಡ. 10 ಮೀಟರ್ ಸ್ಪರ್ಧೆಯ ಪಿಸ್ತೂಲು ಈ ಮಿತಿಯೊಳಗೇ ಬರುತ್ತದೆ. ಕೊಳ್ಳುವಾಗ ಗುರುತಿನ ಚೀಟಿ ಕೊಟ್ಟು ಬಿಲ್ ಪಡೆದು ಇಟ್ಟುಕೊಳ್ಳಿ. 25 ಮೀಟರ್ ಸ್ಪರ್ಧೆಯ .22 ಪಿಸ್ತೂಲಿಗೆ ಲೈಸೆನ್ಸ್ ಕಡ್ಡಾಯ.

ಲೈಸೆನ್ಸ್ ಬೇಡ ಎಂದರೆ ಆಟಿಕೆ ಎಂದಲ್ಲ. ಅರ್ಧ ಗ್ರಾಂ ಗುಂಡು ಸೆಕೆಂಡಿಗೆ 150 ಮೀಟರ್ ಆಸುಪಾಸಿನ ವೇಗದಲ್ಲಿ ಹೋಗುತ್ತದೆ, ಕಲ್ಲಿಗೆ ಬಡಿದು ವಾಪಸ್ ಬಂದರೂ ಕಣ್ಣು ಹೋಗಬಹುದು. ಹೊಲದಲ್ಲಿ ನವಿಲು, ಜಿಂಕೆ, ಗಿಳಿಗೆ ಗುರಿಯಿಟ್ಟರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ, ‘ಬೆಳೆ ತಿಂತಿದ್ವು’ ಎಂದು ಹೇಳಿ ಪಾರಾಗಲು ಬರುವುದಿಲ್ಲ. ಮಗ ಅಥವಾ ಮಗಳಿಗೆ ನಿಜಕ್ಕೂ ಆಸಕ್ತಿ ಇದ್ದರೆ ಪಿಸ್ತೂಲು ಕೊಳ್ಳುವ ಮೊದಲು ತರಬೇತುದಾರರಿರುವ ರೇಂಜ್‌ನಲ್ಲಿ ಕೆಲವು ವಾರ ಅಲ್ಲಿಯದೇ ಪಿಸ್ತೂಲಿನಲ್ಲಿ ಹೊಡೆಸಿ ನೋಡಿ. ಹಿಡಿಕೆ ಕೈಯ ಅಳತೆಗೆ ಕೂಡಬೇಕು, ಅದು ಆನ್‌ಲೈನ್ ಫೋಟೋ ನೋಡಿ ಗೊತ್ತಾಗುವುದಿಲ್ಲ.